ಗಿಡ ಬೇರುಸಮೇತ ತನ್ನಿ, ಆಮೇಲೆ ಔಷಧಿ

ಕಡಲೆಕಾಯಿ ಬೆಳೆಯುವ ನಮ್ಮ ರೈತ ಬಂಧುಗಳಿಗೆ ನಮಸ್ಕಾರ.

ಈ ಮುಂಗಾರಿನಿಂದ ನಮ್ಮ ಅರಸೀಕೆರೆ ಅಂಗಡಿಯಲ್ಲಿ ಒಣಗಿದ ಗಿಡವನ್ನು ಬೇರುಸಮೇತ ನೋಡದೆ ಕೊಳೆ ರೋಗದ ಔಷಧಿ ಕೊಡುವುದಿಲ್ಲ. ಫೋನಿನಲ್ಲಿ ಹೇಳಿದರೆ ಸಾಲದು, ಎಲೆಯ ಫೋಟೊನೂ ಸಾಲದು. ಬಿತ್ತನೆ ಬೀಜಕ್ಕೂ ಕೆಜಿಗೆ 8 ರೂಪಾಯಿ ಜಾಸ್ತಿ ಮಾಡಿದ್ದೇವೆ.

ತಪ್ಪು ನಮ್ಮಿಂದಲೂ ಆಗಿದೆ. ಹೋದ ವರ್ಷ ಒಬ್ಬರು ಬಂದು ಗಿಡ ಸೊರಗುತ್ತಿದೆ ಅಂದರು. ಗಡಿಬಿಡಿಯಲ್ಲಿ ಕೊಳೆ ರೋಗದ ಪುಡಿ ಕೊಟ್ಟು ಕಳಿಸಿದೆವು. ಆಮೇಲೆ ಹೊಲಕ್ಕೆ ಹೋಗಿ ನೋಡಿದರೆ ಬುಡದಲ್ಲಿ ಬೂಸ್ಟೇ ಇಲ್ಲ. ಮಣ್ಣು ಕೆದಕಿದಾಗ ಸುರುಳಿ ಸುತ್ತಿ ಮಲಗಿದ್ದ ಗೊಣ್ಣೆ ಹುಳು ಸಿಕ್ಕಿತು. ಬೇರು ತಿಂದಿದ್ದು ಅದು. ಅವರ ದುಡ್ಡೂ ಹೋಯಿತು, ಬೆಳೆಯೂ ಹೋಯಿತು. ಅವರ ಹತ್ತಿರ ಕ್ಷಮೆ ಕೇಳಿದ್ದೇವೆ, ನಿಮ್ಮ ಹತ್ತಿರವೂ ಕೇಳುತ್ತೇವೆ.

ಆದರೆ "ನಿಮ್ಮ ಬೀಜದಿಂದಲೇ ರೋಗ ಬಂತು" ಅನ್ನುವ ಮಾತು ಮನಸ್ಸಿಗೆ ನೋವಾಗುತ್ತದೆ. ಒಮ್ಮೆ ಗಿಡ ಅಗೆದು ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡಕ್ಕೆ ಹತ್ತಿಯ ಹಾಗೆ ಬಿಳಿ ಎಳೆ ಸುತ್ತಿದ್ದು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳಿದ್ದರೆ ಅದು ಬುಡ ಕೊಳೆ. ಆ ಗುಂಡುಗಳು ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತವೆ. ಇದು 500ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಬರುವ ರೋಗ. ಟೊಮೇಟೊ, ಆಲೂಗಡ್ಡೆಯನ್ನೂ ಬಿಡುವುದಿಲ್ಲ. ಇದರ ತಪ್ಪನ್ನು ಬೀಜದ ಚೀಲದ ಮೇಲೆ ಹಾಕಿದರೆ ನ್ಯಾಯ ಅಲ್ಲ, ಅಲ್ವಾ? ಆ ಹೊಲದಲ್ಲಿ ಒಂದೆರಡು ವರ್ಷ ಈ ರೋಗ ಅಷ್ಟಾಗಿ ಹತ್ತದ ಜೋಳ ಹಾಕಿ, ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ.

ಬರಗಾಲದ ಬಿಸಿಲಿಗೆ ಬೇರಿನ ತೊಗಟೆ ನಾರುನಾರಾಗಿ, ಸೀಳಿದರೆ ಇದ್ದಿಲ ಪುಡಿಯಂಥ ಕರಿ ಚುಕ್ಕಿ ಕಂಡರೆ ಅದು ಒಣ ಬೇರು ಕೊಳೆ. ಇದೂ ಹೆಚ್ಚಾಗಿ ಮಣ್ಣಿನದ್ದೇ.

ಎಳೆ ಸಸಿಯ ಕತ್ತಿನಲ್ಲಿ, ಅಂದರೆ ಕಾಂಡ ಮಣ್ಣಿಗೆ ಸೇರುವ ಕಡೆ, ಮಸಿಯಂಥ ಕರಿ ಬೂಸ್ಟು ಇದ್ದರೆ ಮಾತು ಬೇರೆ. ಅದು ಕತ್ತು ಕೊಳೆ, ಬೀಜದ ಜೊತೆಗೂ ಬರಬಹುದು. ಯಂತ್ರದಲ್ಲಿ ಸುಲಿದಾಗ ಕಾಳಿನ ಮೇಲಿನ ತೆಳು ಸಿಪ್ಪೆ ಕಿತ್ತ ಬೀಜಕ್ಕೆ ಬೇಗ ಹತ್ತುತ್ತದೆ. ಅದಕ್ಕೇ ಈ ಸಲ ಕೈಯಲ್ಲೇ ಸುಲಿಸಿದ್ದೇವೆ, ಒಡಕು ಬೀಜ ಆರಿಸಿ ತೆಗೆದಿದ್ದೇವೆ. ಹೆಣ್ಣಾಳುಗಳ ಕೂಲಿ, ಆರಿಸಿ ತೆಗೆದ ಬೀಜದ ನಷ್ಟ, ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ ಪುಡಿ (ಕೊಳೆ ರೋಗ ತಡೆಯುವ, ಜೀವ ಇರುವ ಒಳ್ಳೆಯ ಬೂಸ್ಟು), ಎಲ್ಲ ಸೇರಿ ಆ 8 ರೂಪಾಯಿ. ಅದರಲ್ಲಿ ನಮ್ಮ ಜೇಬಿಗೆ ಏನೂ ಬಂದಿಲ್ಲ. ಲೆಕ್ಕದ ಪುಸ್ತಕ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ, ಯಾರು ಬೇಕಾದರೂ ನೋಡಿ. ಟ್ರೈಕೋಡರ್ಮಾ ಪುಡಿಯನ್ನು ಬಿತ್ತುವ ದಿನವೇ ನಿಮ್ಮೆದುರು ಹಚ್ಚಿಕೊಡುತ್ತೇವೆ. ಅದಾದ ಮೇಲೆ ಕೊಳೆ ರೋಗದ ಬೇರೆ ಪುಡಿ ಹಚ್ಚಬೇಡಿ. ಹಚ್ಚಿದರೆ ಟ್ರೈಕೋಡರ್ಮಾ ಸತ್ತು ಹೋಗಬಹುದು.

ಗಿಡ ತರುವಾಗ ಜಗ್ಗಿ ಕೀಳಬೇಡಿ, ಬೇರು ಮಣ್ಣಲ್ಲೇ ಉಳಿಯುತ್ತದೆ. ಪೂರ್ತಿ ಸತ್ತಿದ್ದು ಬೇಡ, ಈಗ ತಾನೆ ಬಾಡುತ್ತಿರುವ ಎರಡು ಗಿಡ ಹೆಂಟೆ ಸಮೇತ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ನಮಗೂ ಗೊತ್ತಾಗದಿದ್ದರೆ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾವೇ ಒಯ್ದು ತೋರಿಸಿಕೊಂಡು ಬರುತ್ತೇವೆ. ಬಸ್ ಚಾರ್ಜು ನಮ್ಮದು.

ಬಿತ್ತನೆ ಮುಗಿಯುವ ತನಕ ಭಾನುವಾರವೂ ಬೆಳಿಗ್ಗೆ ಬಾಗಿಲು ತೆಗೆದಿರುತ್ತದೆ.

ಇಂತಿ ನಿಮ್ಮ,
ಅಂಗಡಿಯವರು