ಮೆಣಸಿನಕಾಯಿ ಮಷಿನ್ ನಾಲ್ಕು ಮಂದಿಗೆ ಕಾಣಲಿ

ಚಿ. ಪುಟ್ಟಿಗೆ ಹುಬ್ಬಳ್ಳಿಯಿಂದ ಮಾಮಾನ ಆಶೀರ್ವಾದಗಳು.

ನಿನ್ನ ಮೆಸೇಜ್ ಬಂತು. "ಮಾಮಾ, ನಿಮ್ಮ ಫ್ಯಾಕ್ಟರಿಯಲ್ಲಿ ಒಂದು ಮಾತು ಹೇಳಿ ಕೆಲಸ ಕೊಡಿಸಿ" ಅಂತ ಕೇಳಿದ್ದೀಯ. ಮೇಲೆ ನಿಮ್ಮಪ್ಪನ ಫೋನೂ ಬಂತು. ಗೋಕುಲ ರೋಡಿನ ನಮ್ಮ ವಾಲ್ವ್ ಫ್ಯಾಕ್ಟರಿಯಲ್ಲಿ ಸದ್ಯ ಜಾಗ ಖಾಲಿ ಇಲ್ಲ. ಆದಾಗ ಖಂಡಿತ ಹೇಳುತ್ತೇನೆ. ಆದರೆ ಹೊಸಬರ ಅರ್ಜಿ ನೋಡುವ ಕೆಲಸ ನನ್ನ ತಲೆಗೆ ಬಂದು ಬಹಳ ವರ್ಷ ಆಯಿತು. ಅಲ್ಲಿ ಕೂತು ನೋಡಿದ್ದನ್ನು ನಿನಗೆ ಹೇಳಬೇಕು ಅನ್ನಿಸಿತು. ವಾಟ್ಸಾಪ್‌ನಲ್ಲಿ ಬರೆದರೆ ಒಂದು ಥಂಬ್ಸ್ ಅಪ್ ಹಾಕಿ ಮರೆತುಬಿಡುತ್ತೀ. ಅದಕ್ಕೇ ಈ ಉದ್ದ ಕಾಗದ.

ಕೆಲಸ ಹುಡುಕುವವರೂ ಕೊಡುವವರೂ ಸೇರುವ ಲಿಂಕ್ಡ್‌ಇನ್ ತಾಣದಲ್ಲಿ ನಿನ್ನ ಪುಟ ತೆಗೆದು ನೋಡಿದೆ. ಹೆಸರಿನ ಕೆಳಗೆ "ಆಸ್ಪೈರಿಂಗ್ ಎಂಜಿನಿಯರ್, ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್" ಅಂತಿದೆ. ನಮ್ಮ ಆಫೀಸಿಗೆ ಬರುವ ಅರ್ಧಕ್ಕರ್ಧ ಅರ್ಜಿಗಳಲ್ಲಿ ಇದೇ ಮಾತು ಇರುತ್ತದೆ. ಓದಿ ಪುಟ ತಿರುವಿದರೆ ಒಂದೂ ನೆನಪಿರುವುದಿಲ್ಲ. ನೀನು ಕೊನೆಯ ವರ್ಷ ಮಾಡಿದ ಮೆಣಸಿನಕಾಯಿ ತೊಟ್ಟು ಬಿಡಿಸುವ ಮಷಿನ್ ಎಲ್ಲಿ? ಅದರ ಸುದ್ದಿಯೇ ಇಲ್ಲ! ದೀಪಾವಳಿಗೆ ಹಾವೇರಿಗೆ ಬಂದಾಗ ಹಿತ್ತಲಿನಲ್ಲಿ ಅದನ್ನು ಓಡಿಸಿ ತೋರಿಸಿದ್ದೆ. ಎರಡು ರೋಲರ್ ನಡುವೆ ತೊಟ್ಟು ಸಿಕ್ಕು ಕಿತ್ತುಬರುತ್ತಿತ್ತು. ಬ್ಯಾಡಗಿಯ ಉದ್ದನೆ ತೆಳ್ಳನೆ ಕಡ್ಡಿ ಕಾಯಿ ಚೊಲೋ ಬಂತು. ಗಿಡ್ಡ, ದಪ್ಪನೆ ಡಬ್ಬಿ ಕಾಯಿ ಹಾಕಿದ ಕೂಡಲೇ ಹೊಟ್ಟೆ ಒಡೆದು ಬೀಜ ಎಲ್ಲಾ ಕೆಳಗೆ ಬಿತ್ತು. ನೀನು ಮುಖ ಸಣ್ಣ ಮಾಡಿಕೊಂಡೆ. ನನಗೆ ಮಾತ್ರ ಆ ಒಡೆದ ಕಾಯಿಯೇ ಜಾಸ್ತಿ ಇಷ್ಟವಾಯಿತು.

ಅದನ್ನೇ ಹಾಕು. ಅರ್ಧ ನಿಮಿಷದ ವಿಡಿಯೊ ಸಾಕು. ಕಡ್ಡಿ ಕಾಯಿ ಸರಿಯಾಗಿ ಬರುವುದನ್ನೂ ತೋರಿಸು, ಡಬ್ಬಿ ಕಾಯಿ ಒಡೆಯುವುದನ್ನೂ ತೋರಿಸು. ರೋಲರ್ ಸಂದಿ ಎಷ್ಟು ಮಿಲಿಮೀಟರ್ ಇಟ್ಟಿದ್ದೆ, ಮೋಟರ್ ಎಷ್ಟರದ್ದು, ಕಾಯಿ ಎಷ್ಟು ಒಣಗಿತ್ತು, ಒಂದು ಕಿಲೋದಲ್ಲಿ ಎಷ್ಟು ಒಡೆಯಿತು ಅಂತ ಬರೆ. ಕನ್ನಡದಲ್ಲಿ ನಾಲ್ಕು ಸಾಲು, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇಂಗ್ಲಿಷ್ ತಪ್ಪಾದರೆ ಆಗಲಿ. ಚಾಟ್‌ಜಿಪಿಟಿಗೆ ಕೊಟ್ಟು ಬರೆಸಿದ್ದು ಓದಿದ ಕೂಡಲೇ ಗೊತ್ತಾಗುತ್ತದೆ. "ಈ ಪಯಣ ನನಗೆ ಬಹಳ ಕಲಿಸಿತು, ನಾನು ಧನ್ಯಳು" ಅನ್ನುವ ಪೋಸ್ಟ್ ನೋಡಿದರೆ ನನ್ನ ಬೆರಳು ತಾನೇ ಮುಂದೆ ಜಾರುತ್ತದೆ. ಹೆಡ್‌ಲೈನ್ ಕೂಡ ಬದಲಿಸು. "ಮೆಕ್ಯಾನಿಕಲ್ ಎಂಜಿನಿಯರ್, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ" ಅಂತಿರಲಿ.

ಹಾವೇರಿ ಹುಡುಗಿಯ ಮಷಿನ್ ಯಾರು ನೋಡುತ್ತಾರೆ ಅನ್ನಬೇಡ. ಬ್ಯಾಡಗಿ ಕಾಯಿ ಅಂದರೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕ ಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಕೊಚ್ಚಿ ಕಡೆಯ ಕಂಪನಿಗಳು ಅದರಿಂದ ಬಣ್ಣದ ಎಣ್ಣೆ, ಅಂದರೆ ಓಲಿಯೊರೆಸಿನ್, ತೆಗೆಯುತ್ತವೆ. ತೊಟ್ಟು ಬಿಡಿಸುವುದು ಇವತ್ತಿಗೂ ಬಹಳ ಕಡೆ ಹೆಣ್ಣುಮಕ್ಕಳ ಕೈಕೆಲಸ. ಘಾಟಿಗೆ ಕೆಮ್ಮುತ್ತಾ, ಕೈ ಉರಿ ತಾಳಿಕೊಂಡು ಮಾಡುತ್ತಾರೆ. ಮಸಾಲೆ ವ್ಯಾಪಾರದಲ್ಲಿ ಇರುವವರಿಗೆ ಇದು ದಿನದ ತಲೆನೋವು. ಅವರಲ್ಲಿ ಒಬ್ಬರ ಕಣ್ಣಿಗೆ ಬಿದ್ದರೂ ನಾಳೆ ಒಂದು ಫೋನ್ ಬರಬಹುದು. ನಿನ್ನ ರೀಲ್ಸ್‌ಗೆ ಲೈಕ್ ಒತ್ತುವ ಗೆಳತಿಯರಿಂದ ಆ ಫೋನ್ ಬರಲ್ಲ. ಅವರಿಗೂ ನಿನಗೆ ಗೊತ್ತಿರುವಷ್ಟೇ ಗೊತ್ತು, ಅಲ್ವಾ?

ಇದು ನನ್ನೊಬ್ಬನ ಮಾತಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದರು. ಬಾಸ್ಟನ್ ಹತ್ತಿರದ ನ್ಯೂಟನ್ ಊರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಕೇಳಿದರು: ಆ ಪರಿಚಯದವರನ್ನು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ? ಪದೇಪದೇ ಅಂದವರು ನೂರಕ್ಕೆ ಸುಮಾರು 17 ಮಂದಿ. ಉಳಿದವರೆಲ್ಲ ಆಗಾಗ ಅಥವಾ ಅಪರೂಪಕ್ಕೆ ಅಂದರು. ಹೆಚ್ಚಿನವರಿಗೆ ಕೆಲಸದ ಸುದ್ದಿ ಮುಟ್ಟಿಸಿದ್ದು ಅಷ್ಟೇನೂ ಹತ್ತಿರದವರಲ್ಲದ ಪರಿಚಯದವರೇ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಮಂದಿಯ ಮೇಲೆ ನಡೆದ ಪ್ರಯೋಗ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಲ್ಲೂ ತೀರಾ ಹತ್ತಿರದವರಿಗಿಂತ ಅರೆಬರೆ ಪರಿಚಯದವರಿಂದಲೇ ಹೆಚ್ಚು ಉಪಯೋಗ ಅಂತ ಕಂಡಿತು. ಒಂದು ಕೊಕ್ಕೆ ಇದೆ. ಕಂಪ್ಯೂಟರ್ ಮೇಲೆ ಜಾಸ್ತಿ ನಡೆಯುವ ಕ್ಷೇತ್ರಗಳಲ್ಲಿ ಅದು ನಿಜ. ಹಾಗಿಲ್ಲದ ಕ್ಷೇತ್ರಗಳಲ್ಲಿ ಹತ್ತಿರದವರೇ ಹೆಚ್ಚು ಕೈಹಿಡಿದಿದ್ದರು. ನಮ್ಮ ಕಬ್ಬಿಣದ ಕೆಲಸ ಎರಡರ ಮಧ್ಯೆ ಎಲ್ಲೋ ಬರುತ್ತದೆ. ಆದ್ದರಿಂದ ಮಾಮಾನೂ ಬೇಕು, ಮುಖಪರಿಚಯದವರೂ ಬೇಕು.

ಈಗ ಅವರನ್ನು ಹುಡುಕುವುದು ಹೇಗೆ? ಲಿಂಕ್ಡ್‌ಇನ್‌ನಲ್ಲಿ ನಿನ್ನ ಕಾಲೇಜಿನ ಪುಟಕ್ಕೆ ಹೋಗು. ಅಲ್ಲಿ ಅಲುಮ್ನಿ ಅಂತ ಒಂದು ಭಾಗ ಇದೆ. ಹಳೆಯ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಮಾಡುತ್ತಾರೆ ಅಂತ ಬೇರೆ ಬೇರೆ ಮಾಡಿ ತೋರಿಸುತ್ತದೆ. ಆಹಾರ ಯಂತ್ರ, ಪ್ಯಾಕಿಂಗ್ ಯಂತ್ರದ ಕಂಪನಿಗಳಲ್ಲಿ ಇರುವ ಸೀನಿಯರ್‌ಗಳನ್ನು ಆರಿಸು. ಅವರಿಗೆ ಏನು ಬರೆಯುತ್ತೀ ಅನ್ನುವುದೇ ಮುಖ್ಯ. ನನಗೆ ಬರುವ ಮೆಸೇಜ್ ಹೀಗಿರುತ್ತವೆ: "ಹಾಯ್ ಸರ್, ಯಾವುದಾದರೂ ವೇಕೆನ್ಸಿ ಇದ್ದರೆ ತಿಳಿಸಿ." ಚನ್ನಮ್ಮ ಸರ್ಕಲ್‌ನಲ್ಲಿ ನಿಂತು ದಾರಿಹೋಕರಿಗೆಲ್ಲ ಕೈಮುಗಿದ ಹಾಗೆ. ಪಾಪ ಅನ್ನಿಸುತ್ತದೆ, ಉತ್ತರ ಬರೆಯುವ ಮನಸ್ಸಾಗುವುದಿಲ್ಲ. ಬರೆಯಲು ನನ್ನ ಹತ್ತಿರ ಏನಿದೆ? ಇಲ್ಲ ಅನ್ನಬೇಕು ಅಷ್ಟೇ.

ನೀನು ಹೀಗೆ ಬರೆದು ನೋಡು: "ನಮಸ್ಕಾರ. ನಾನೂ ನಿಮ್ಮ ಕಾಲೇಜಿನಲ್ಲೇ ಮೆಕ್ಯಾನಿಕಲ್ ಮುಗಿಸಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ ಮಾಡಿದ್ದೇವೆ. ಡಬ್ಬಿ ಕಾಯಿ ರೋಲರ್‌ನಲ್ಲಿ ಒಡೆಯುತ್ತಿದೆ. ಫುಡ್ ಗ್ರೇಡ್ ರಬ್ಬರ್ ಹೊದಿಸಿದರೆ ಸರಿಹೋಗಬಹುದಾ?" ಇಷ್ಟೇ. ಕೆಲಸದ ಮಾತು ಎತ್ತಲೇಬೇಡ. ಎಂಜಿನಿಯರ್‌ಗೆ ಇಂಥ ಪ್ರಶ್ನೆ ಕೇಳಿದರೆ ಸುಮ್ನೆ ಕೂರೋಕೆ ಆಗಲ್ಲ. ಎರಡು ಸಾಲಾದರೂ ಬರೆಯುತ್ತಾನೆ. ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ತಿರುಗಿ ತಿಳಿಸು. ಈ ಕೊನೆಯ ಕೆಲಸವನ್ನು ನೂರರಲ್ಲಿ ಒಬ್ಬರೂ ಮಾಡುವುದಿಲ್ಲ. ಮಾಡಿದವರ ಹೆಸರು ತಲೆಯಲ್ಲಿ ಉಳಿಯುತ್ತದೆ. ಪುಕ್ಕಟೆ ಖಾತೆಯಲ್ಲಿ ಹೀಗೆ ಟಿಪ್ಪಣಿ ಬರೆದು ಕಳಿಸಲು ತಿಂಗಳಿಗೆ ಕೆಲವೇ ಅವಕಾಶ ಇರುತ್ತದೆ. ಆದ್ದರಿಂದ ಆರಿಸಿ ಕಳಿಸು.

ಲಿಂಕ್ಡ್‌ಇನ್ ಫೋಟೊಗೆ ಹಸಿರು 'ಓಪನ್ ಟು ವರ್ಕ್' (ಕೆಲಸ ಹುಡುಕುತ್ತಿದ್ದೇನೆ) ಪಟ್ಟಿ ಹಾಕಲು ನಾಚಿಕೆ ಅಂದಿದ್ದೆಯಂತೆ. ಈಗಷ್ಟೇ ಓದು ಮುಗಿಸಿದವಳಿಗೆ ಯಾಕೆ ನಾಚಿಕೆ? ಬೇಡ ಅಂದರೆ ನೇಮಕ ಮಾಡುವವರಿಗೆ ಮಾತ್ರ ಕಾಣುವ ಹಾಗೂ ಇಡಬಹುದು. ಇನ್‌ಸ್ಟಾಗ್ರಾಂ ನಿನ್ನ ಖುಷಿಗೆ ಇರಲಿ. ಡಾನ್ಸ್ ಮಾಡು, ಯಾರು ಬೇಡ ಅಂದರು? ಆದರೆ ಜಾತಿ, ರಾಜಕೀಯದ ಜಗಳದಲ್ಲಿ ಕಮೆಂಟ್ ಹಾಕುವ ಮುಂಚೆ ಜರಾ ತಡೆ. ನಾನಂತೂ ಇಂಟರ್‌ವ್ಯೂಗೆ ಕರೆಯುವ ಮುಂಚೆ ಹೆಸರು ಹುಡುಕಿ ನೋಡುತ್ತೇನೆ. ಸಂಬಂಧ ನೋಡುವವರೂ ಈಗ ಹಾಗೇ ಮಾಡುತ್ತಾರೆ, ನಿಮ್ಮಮ್ಮನಿಗೆ ಇದನ್ನು ಹೇಳಬೇಡ.

ಇನ್ನು ಮೋಸದ ಮಾತು. ಟೆಲಿಗ್ರಾಂ ಗುಂಪುಗಳಲ್ಲಿ ರೆಸ್ಯೂಮೆ ಎಸೆಯಬೇಡ. ಆಧಾರ್ ನಂಬರ್, ಹುಟ್ಟಿದ ದಿನ, ಮನೆ ವಿಳಾಸ ಅದರಲ್ಲಿ ಇರಲೇಬಾರದು. ವಿಡಿಯೊಗೆ ಲೈಕ್ ಒತ್ತಿ ಹಣ ಗಳಿಸಿ ಅಂತ ಮೊದಲು ಚಿಲ್ಲರೆ ಹಣ ಹಾಕುತ್ತಾರೆ. ಆಮೇಲೆ ದೊಡ್ಡ ಟಾಸ್ಕ್‌ಗೆ ಡೆಪಾಸಿಟ್ ಕೇಳುತ್ತಾರೆ. ಆಫರ್ ಲೆಟರ್ ಕೊಟ್ಟು ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಫೀಸು ಕೇಳುವವರೂ ಇದೇ ಜಾತಿಯವರು. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ, ಹಣ ಕೇಳಲ್ಲ. ನಿನ್ನ ಗೆಳತಿಯರು ಯಾರಾದರೂ ಸಿಕ್ಕಿಬಿದ್ದರೆ ಅಳುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಈ ಭಾನುವಾರ ವಿಡಿಯೊ ಮಾಡು. ಹಾಕುವ ಮುಂಚೆ ನನಗೆ ಕಳಿಸು, ಅಳತೆಗಳನ್ನು ಒಮ್ಮೆ ನೋಡಿಕೊಡುತ್ತೇನೆ. ಭಾಷೆ ತಿದ್ದುವುದಿಲ್ಲ. ಆಮೇಲೆ ಒಂದು ದಿನ ಬೆಳಗಿನ ಗಾಡಿ ಹಿಡಿದು ಹುಬ್ಬಳ್ಳಿಗೆ ಬಾ. ನಮ್ಮಲ್ಲಿ ವಾಲ್ವ್‌ಗಳಿಗೆ ರಬ್ಬರ್ ಸೀಲ್ ಮಾಡಿಕೊಡುವವರು ಒಬ್ಬರಿದ್ದಾರೆ, ಭೇಟಿ ಮಾಡಿಸುತ್ತೇನೆ. ಬರುವಾಗ ಎರಡು ಕಿಲೋ ಡಬ್ಬಿ ಕಾಯಿ ತಾ. ಅರ್ಧ ಮಷಿನ್‌ಗೆ, ಅರ್ಧ ನಿನ್ನ ಮಾಮಿಗೆ.

ನಿನ್ನ ಪ್ರೀತಿಯ
ಮಾಮಾ