ಕೋವಿಗೆ ಪರವಾನಗಿ ಇದೆ, ತೋಟಾ ಎಲ್ಲಿದೆ?

ಸಂಪಾದಕರಿಗೆ,

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಮೂರು ಎಕರೆ ಅಡಿಕೆ ತೋಟ, ಒಂದೂವರೆ ಎಕರೆ ಗದ್ದೆ ನೋಡಿಕೊಂಡಿರುವ ಹೆಂಗಸು ನಾನು. ವಯಸ್ಸು 58. ಬೆಳೆ ರಕ್ಷಣೆಗೆಂದು ನನ್ನ ಹೆಸರಿನಲ್ಲಿ ಹನ್ನೆರಡು ಬೋರಿನ ಒಂಟಿ ನಳಿಕೆ ಕೋವಿ ಇದೆ. ಪರವಾನಗಿ ಪುಸ್ತಕವೂ ಇದೆ. ಅದರಲ್ಲಿ ನನ್ನ ಫೋಟೊ, ಸೀಲು, ಸಹಿ, ನವೀಕರಣದ ದಿನಾಂಕ ಎಲ್ಲವೂ ಸರಿಯಾಗಿವೆ. ಒಂದು ಸಲಕ್ಕೆ 25, ವರ್ಷಕ್ಕೆ 50 ತೋಟಾ (ಕೋವಿಗೆ ತುಂಬುವ ಕಾರ್ತೂಸು) ಕೊಳ್ಳಬಹುದೆಂದು ಅದರಲ್ಲೇ ಬರೆದಿದೆ. ಈ ವರ್ಷ ನನಗೆ ಸಿಕ್ಕಿದ್ದು ಐದು.

ಆ ಐದಕ್ಕೆ ನಾನು ಪಟ್ಟ ಪಾಡನ್ನು ಮೊದಲು ಹೇಳುತ್ತೇನೆ. ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಶಿವಮೊಗ್ಗಕ್ಕೆ ಹೋದೆ. ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಮೂರು ಕಿಲೋಮೀಟರ್ ನಡಿಗೆ, ಅಲ್ಲಿಂದ ತೀರ್ಥಹಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ಅಂಗಡಿಯವರು ಪುಸ್ತಕ ನೋಡಿ, "ಸ್ಟಾಕ್ ಇಲ್ಲಮ್ಮ, ಮುಂದಿನ ತಿಂಗಳು ಬನ್ನಿ" ಎಂದರು. ಮುಂದಿನ ತಿಂಗಳು ಫೋನ್ ಮಾಡಿ ಕೇಳಿಕೊಂಡೇ ಹೋದೆ. ಬಂದಿದ್ದ ಮಾಲು ಅಷ್ಟರಲ್ಲೇ ಮುಗಿದಿತ್ತು, ಉಳಿದದ್ದು ಎಲ್‌ಜಿ ಮಾತ್ರ. ಎಲ್‌ಜಿ ಎಂದರೆ ಬೆರಳೆಣಿಕೆಯಷ್ಟು ದಪ್ಪ ಚರೆ (ಸೀಸದ ಗುಂಡು) ಇರುವ ತೋಟಾ, ದೊಡ್ಡ ಪ್ರಾಣಿ ಹೊಡೆಯಲು ಮಾಡಿದ್ದು. ನನಗೆ ಬೇಕಾದದ್ದು ಸಣ್ಣ ಚರೆಯ ನಾಲ್ಕು ಅಥವಾ ಆರು ನಂಬರ್. ನಾನು ಯಾವ ಜೀವವನ್ನೂ ಕೊಲ್ಲಲು ಹೊರಟವಳಲ್ಲ, ಆಕಾಶಕ್ಕೆ ಒಂದು ಈಡು ಹೊಡೆದು ಹಂದಿ ಹಿಂಡನ್ನು ಕಾಡಿಗೆ ತಿರುಗಿಸಿದರೆ ನನ್ನ ಕೆಲಸ ಆಯಿತು. ಕೆಳಗಿನ ಮನೆಗಳ ಕಡೆ ಎಲ್‌ಜಿ ಹಾರಿಸಲು ನನಗೆ ಧೈರ್ಯವಿಲ್ಲ. ಬರಿಗೈಲಿ ಬಂದೆ. ಚಿಕ್ಕಮಗಳೂರಿನ ಅಂಗಡಿಗೆ ಮೈದುನನ ಕೈಲಿ ಫೋನ್ ಮಾಡಿಸಿದೆ, ಅಲ್ಲೂ ಇಲ್ಲ. ಮೂರನೇ ಸಲ ಶಿವಮೊಗ್ಗಕ್ಕೆ ಹೋದಾಗ ತಲೆಗೆ ಐದರಂತೆ ಹಂಚುತ್ತಿದ್ದರು.

ಪರವಾನಗಿ ಪುಸ್ತಕದ ಪ್ಲಾಸ್ಟಿಕ್ ಕವರಿನಲ್ಲಿ ನಮ್ಮ ಯಜಮಾನರು ತೋಟಾದ ರಸೀದಿಗಳನ್ನು ಮಡಿಸಿ ಇಡುತ್ತಿದ್ದರು. ಆ ಅಭ್ಯಾಸವನ್ನು ನಾನೂ ಬಿಟ್ಟಿಲ್ಲ. 2014ರಲ್ಲಿ ಅವರು ಹತ್ತು ತೋಟಾಕ್ಕೆ ಕೊಟ್ಟದ್ದು 450 ರೂಪಾಯಿ. 2019ರಲ್ಲಿ ನಾನು ಹತ್ತಕ್ಕೆ ಕೊಟ್ಟದ್ದು 750. ಈ ಸಲ ಐದಕ್ಕೇ 650. ಮೂರು ಸಲದ ಬಸ್ಸಿನ ಖರ್ಚು, ಮೂರು ದಿನ ತೋಟದಲ್ಲಿ ನಿಂತ ಆಳಿನ ಸಂಬಳ ಇದರಲ್ಲಿ ಸೇರಿಲ್ಲ. ಅಂಗಡಿಯಿಂದ ಹೊರಗೆ ಬಂದಾಗ ಬಿಳಿ ಅಂಗಿಯವನೊಬ್ಬ ಹಿಂದೆಯೇ ಬಂದು, "ಬುಕ್ಕಿಗೆ ಎಂಟ್ರಿ ಬೇಡ ಅಂದ್ರೆ 250ರಂತೆ ಇಪ್ಪತ್ತು ಕೊಡಿಸ್ತೇನೆ" ಎಂದ. ಮೈ ಬೆವರಿತು. ಮಾವನವರ ಕಾಲದಿಂದ ಒಂದೇ ಒಂದು ತೋಟಾದ ಲೆಕ್ಕ ತಪ್ಪದ ಮನೆ ನಮ್ಮದು. ಅವನ ಮುಖವನ್ನೂ ನೋಡದೆ ಬಸ್ ನಿಲ್ದಾಣಕ್ಕೆ ನಡೆದೆ.

ತೋಟಾ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕಳೆದ ವರ್ಷ ನವೆಂಬರ್ ತಿಂಗಳ ಒಂದು ರಾತ್ರಿ ಸಾಕು. ಭತ್ತ ಹಾಲು ತುಂಬಿ ಗಟ್ಟಿಯಾಗುವ ಹೊತ್ತು. ಗದ್ದೆಯ ಮಾಳದಲ್ಲಿ ನಾನು ಮತ್ತು ನಮ್ಮ ಕೆಲಸದ ಹುಡುಗ ಕಾಯುತ್ತಿದ್ದೆವು. ಹತ್ತಿರ ಇದ್ದದ್ದು ಯಜಮಾನರ ಕಾಲದ ಎರಡೇ ತೋಟಾ. ಹಾರ್ಲಿಕ್ಸ್ ಬಾಟಲಿಯಲ್ಲಿ ಅಕ್ಕಿಯ ನಡುವೆ ಹುಗಿದು, ಮುಚ್ಚಳಕ್ಕೆ ಮೇಣ ಸುರಿದು ಇಟ್ಟಿದ್ದರೂ ಆಗುಂಬೆ ಸೀಮೆಯ ಮಳೆಗಾಲ ಅದನ್ನು ಬಿಟ್ಟಿರಲಿಲ್ಲ. ಕಾಗದದ ಮೈ ಉಬ್ಬಿತ್ತು, ಹಿತ್ತಾಳೆ ಬುಡದ ಸುತ್ತ ಹಸಿರು ಕಿಲುಬು ಕಟ್ಟಿತ್ತು, ಮುಂದಿನ ರಟ್ಟಿನ ಬಿಲ್ಲೆಯ ಮೇಲೆ ಒತ್ತಿದ್ದ "4" ಎಂಬ ಅಂಕಿ ಅರ್ಧ ಅಳಿಸಿತ್ತು. ಎರಡು ಗಂಟೆಯ ಸುಮಾರಿಗೆ ಕೆಳಗಿನ ಮಡಿಯಲ್ಲಿ ಸೊರಸೊರ ಸದ್ದು ಕೇಳಿತು. ಒಂದು ತೋಟಾ ನಳಿಕೆಯೊಳಗೆ ಅರ್ಧ ಹೋಗಿ ನಿಂತಿತು, ಮುಂದೆ ಜಗ್ಗಲಿಲ್ಲ. ಅದನ್ನು ತೆಗೆದು ಇನ್ನೊಂದನ್ನು ಹಾಕಿ ಕುದುರೆ (ಟ್ರಿಗರ್) ಎಳೆದೆ. ಟಕ್ ಎಂದಿತು ಅಷ್ಟೇ. ತೋಟಾ ಹಾರದಿದ್ದರೆ ಕೂಡಲೇ ಕೋವಿ ಮಡಚಿ ತೆರೆಯಬಾರದು, ನಳಿಕೆಯ ಬಾಯಿ ಗದ್ದೆಯ ಕಡೆಗೇ ಇಟ್ಟು ಅರ್ಧ ನಿಮಿಷವಾದರೂ ಕಾಯಬೇಕು, ತಡವಾಗಿ ಹಾರುವುದುಂಟು ಎಂದು ಯಜಮಾನರು ಕಲಿಸಿದ್ದರು. ಹಾಗೇ ಉಸಿರು ಹಿಡಿದು ನಿಂತೆ. ಆ ಅರ್ಧ ನಿಮಿಷವೂ ಹಂದಿಗಳು ತೆನೆ ಜಗಿಯುವ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಹುಡುಗ ಡಬ್ಬ ಬಡಿದ, ನಾನು ಕೂಗಿದೆ. ಡಬ್ಬದ ಸದ್ದಿಗೆ ಹಂದಿಗಳು ಎಂದೋ ಒಗ್ಗಿಹೋಗಿವೆ. ಬೆಳಿಗ್ಗೆ ನೋಡಿದರೆ ಕಾಲು ಎಕರೆ ಗದ್ದೆ ಉತ್ತು ಹಾಕಿದ ಹಾಗಿತ್ತು. ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಹೆಚ್ಚು. ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಿದ್ದೇನೆ, ಅದರ ಕತೆ ಬೇರೆಯೇ ಇದೆ.

ಹೆಂಗಸಿಗೆ ಕೋವಿ ಯಾಕೆ ಎಂದು ಕೇಳುವವರಿದ್ದಾರೆ. ಈ ಕೋವಿ ನನ್ನ ಮಾವನವರು ಕೊಂಡದ್ದು. ಆಮೇಲೆ ಯಜಮಾನರ ಹೆಸರಿಗೆ ಬಂತು. 2017ರಲ್ಲಿ ಅವರು ತೀರಿಕೊಂಡರು, ಮಗ ಬೆಂಗಳೂರಿನಲ್ಲಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರು ಪರವಾನಗಿ ಪಡೆಯಲು ದಾರಿ ಇದೆ. ಅದರಂತೆ ಅರ್ಜಿ ಹಾಕಿ, ಕಚೇರಿಯಿಂದ ಕಚೇರಿಗೆ ಹದಿನಾಲ್ಕು ತಿಂಗಳು ಅಲೆದು ನನ್ನ ಹೆಸರಿಗೆ ಮಾಡಿಸಿಕೊಂಡೆ. ಬೇಸರವಿಲ್ಲ. ಕೋವಿಯ ವಿಷಯದಲ್ಲಿ ಸರ್ಕಾರ ಹತ್ತು ಸಲ ಯೋಚಿಸಬೇಕು, ಯೋಚಿಸಲಿ. ಆದರೆ ಅಷ್ಟೆಲ್ಲ ವಿಚಾರಿಸಿ, ಇವಳಿಗೆ ಬೆಳೆ ಕಾಯಲು ಕೋವಿ ಬೇಕು ಎಂದು ಒಪ್ಪಿ ಸೀಲು ಒತ್ತಿದ ಮೇಲೆ, ಅದಕ್ಕೆ ಬೇಕಾದ ತೋಟಾ ಜಿಲ್ಲೆಯಲ್ಲಿ ಸಿಗುತ್ತದೋ ಇಲ್ಲವೋ ಎಂದು ನೋಡುವ ಹೊಣೆ ಯಾರದ್ದೂ ಅಲ್ಲವೇ?

ನನ್ನ ಅಣ್ಣನ ಮಗ ವಕೀಲ. ಅವನಿಂದ ಕೇಳಿ ತಿಳಿದದ್ದನ್ನು ಬರೆಯುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಬೆಳೆ ರಕ್ಷಣೆಯ ಮಾತು ಬರುತ್ತದೆ. ಪ್ರಾಮಾಣಿಕವಾಗಿ ಬೆಳೆ ಕಾಯಲು ಕೇಪಿನ ಕೋವಿಗೆ, ಎಂದರೆ ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕು, ಅದು ಸಾಲದು ಎಂದು ಕಂಡರೆ ಬೇರೆ ನುಣುಪು ನಳಿಕೆಯ ಕೋವಿಗೂ ಕೊಡಬಹುದು ಎಂದಿದೆ. ರೈತನ ಕೋವಿ ಯಾರದೋ ದಯೆಯಿಂದ ಬಂದದ್ದಲ್ಲ, ಶಾಸನವೇ ಒಪ್ಪಿದ ಬೇಸಾಯದ ಸಲಕರಣೆ. ಯೂರಿಯಾ ಕೊರತೆಯಾದರೆ ಜಿಲ್ಲಾಡಳಿತ ಸಭೆ ಕರೆಯುತ್ತದೆ, ಯಾವ ಸೊಸೈಟಿಗೆ ಎಷ್ಟು ಮೂಟೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ತೋಟಾ ಕೊರತೆಯಾದರೆ ಕೇಳಲು ಹೋಗಬೇಕಾದ ಮೇಜು ಯಾವುದೆಂದೇ ನಮಗೆ ಗೊತ್ತಿಲ್ಲ.

ನಾನು ಕಂಡ ಅಂಗಡಿಗಳಲ್ಲೆಲ್ಲ ಮಾರುವುದು ಪುಣೆ ಬಳಿಯ ಖಡ್ಕಿಯಲ್ಲಿ ತಯಾರಾಗುವ ಶಕ್ತಿಮಾನ್ ತೋಟಾ. 1869ರಲ್ಲಿ ಶುರುವಾದ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆ ಅದು. 2021ರ ಅಕ್ಟೋಬರ್ 1ರಂದು ಹಳೆಯ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಹೋಗಿ ಏಳು ಕಂಪನಿಗಳಾದಾಗ ಅದು ಮ್ಯುನಿಷನ್ಸ್ ಇಂಡಿಯಾ ಕಂಪನಿಯ ಕೆಳಗೆ ಬಂತು. ಸೈನ್ಯಕ್ಕೆ, ಪೊಲೀಸರಿಗೆ ಬೇಕಾದದ್ದು ಮೊದಲು ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರದೇಶದ ತೋಟಾ ನಮ್ಮಂಥ ಸಾಮಾನ್ಯ ಪರವಾನಗಿದಾರರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಹೀಗಿರುವಾಗ ಇಲ್ಲಿ ಮಾಡಿದ್ದು ಮಲೆನಾಡಿನ ಅಂಗಡಿಗೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ನಮಗೆ ಬೇರೆ ದಾರಿಯೇ ಇಲ್ಲ. ಅಂಗಡಿಯವರನ್ನು ಬೈದೂ ಪ್ರಯೋಜನವಿಲ್ಲ, ಮುಂಗಡ ಹಣ ಕಟ್ಟಿ ತಿಂಗಳುಗಟ್ಟಲೆ ಕಾಯುತ್ತೇವೆ ಎನ್ನುತ್ತಾರೆ. ಕೊಡಗಿನಲ್ಲಿರುವ ನಮ್ಮ ಬೀಗರದ್ದೂ ಇದೇ ಗೋಳು. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯವಾಗಿ ಬಂದ ಜಮೀನಿನವರಿಗೆ) ಕೋವಿ ಪರವಾನಗಿಯಿಂದ 2029ರವರೆಗೆ ವಿನಾಯಿತಿ ಇದೆ. ಆದರೆ ತೋಟಾವನ್ನು ಅವರೂ ಅಂಗಡಿಯಿಂದಲೇ ತರಬೇಕು.

ಇದರ ಮೇಲೆ ಚುನಾವಣೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಮಾರ್ಚ್ 16ರಂದು ನೀತಿ ಸಂಹಿತೆ ಬಂದ ಕೆಲವೇ ದಿನಗಳಲ್ಲಿ ಕೋವಿ ಠಾಣೆಗೆ ಕೊಡಲು ಹೇಳಿದರು, ವಾಪಸ್ ಬಂದದ್ದು ಜೂನ್‌ನಲ್ಲಿ. ಅಡಿಕೆಗೆ ಸಿಂಗಾರ ಒಡೆಯುವ ಕಾಲ ಅದು. ಮಂಗಗಳು ಮರದಿಂದ ಮರಕ್ಕೆ ಹಾರಿ ಎಳೆ ಸಿಂಗಾರವನ್ನು ಸಿಗಿದು ಹಾಕುತ್ತವೆ, ಒಂದು ಸಿಂಗಾರ ಹೋದರೆ ಆ ಗೊನೆಯೇ ಹೋದಂತೆ. ಮಂಗನ ಮೇಲೆ ಗುಂಡು ಹಾರಿಸುವುದು ನನ್ನ ಕನಸಿನಲ್ಲೂ ಇಲ್ಲದ ಮಾತು. ಹನುಮಂತನೆಂಬ ಭಕ್ತಿ ಒಂದು. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಇಂದಿಗೂ ಬಿಟ್ಟಿಲ್ಲ, ಸತ್ತ ಮಂಗ ತೋಟದಲ್ಲಿ ಬಿದ್ದರೆ ಉಣ್ಣೆಗಳಿಂದ ಏನಾಗುತ್ತದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಬೇಕಾದದ್ದು ಸದ್ದು, ಅಷ್ಟೇ. ಮೂರು ತಿಂಗಳು ಆ ಸದ್ದೂ ಇಲ್ಲ. ತಂಟೆ ತಕರಾರಿನ ಒಂದು ಕೇಸೂ ಇಲ್ಲದ ರೈತರ ಕೋವಿಯನ್ನು ಒಬ್ಬೊಬ್ಬರ ವಿಷಯ ನೋಡಿ ಮನೆಯಲ್ಲೇ ಬಿಟ್ಟರೆ ಆಗದೇ?

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಲೆಕ್ಕದ ತೋಟಾ ಸಿಗದಿದ್ದರೆ ಜನ ಕೈಕಟ್ಟಿ ಕೂರುವುದಿಲ್ಲ. ಪಕ್ಕದ ಊರಿನಲ್ಲಿ ಯಾರೋ ಬೇಲಿ ತಂತಿಗೆ ನೇರ ಕರೆಂಟು ಕೊಟ್ಟು, ಹಂದಿಯ ಬದಲು ಗಬ್ಬದ ಹಸು ಸತ್ತಿತು. ಉರುಳು ಹಾಕುತ್ತಾರೆ, ಹಣ್ಣಿನೊಳಗೆ ಸಿಡಿಮದ್ದು ಇಡುತ್ತಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಒಡೆದು ಹೋದ ಗರ್ಭಿಣಿ ಆನೆ ಹೊಳೆಯ ನೀರಿನಲ್ಲಿ ನಿಂತು ಪ್ರಾಣ ಬಿಟ್ಟ ಚಿತ್ರ ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ. ಆಕಾಶಕ್ಕೆ ಹಾರಿಸಿದ ಸಣ್ಣ ಚರೆ ಕಾಡಿಗೆ ಮಾಡುವ ಕೇಡಿಗೂ, ಒಂದು ಸಿಡಿಮದ್ದಿನ ಉಂಡೆ ಮಾಡುವ ಕೇಡಿಗೂ ಹೋಲಿಕೆಯೇ ಇಲ್ಲ. ಸಿಡಿಮದ್ದು ಇಟ್ಟವನು ಯಾವ ಪುಸ್ತಕಕ್ಕೂ ಸಿಗುವುದಿಲ್ಲ. ನಾನು ಹಾರಿಸುವ ಒಂದೊಂದು ತೋಟಾವೂ ಪುಸ್ತಕದಲ್ಲಿದೆ.

ಕೇಳುವುದು ಹೆಚ್ಚೇನಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ, ಕರಾವಳಿ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿ ಎಷ್ಟಿವೆ ಎಂಬ ಲೆಕ್ಕ ಜಿಲ್ಲಾಧಿಕಾರಿಗಳ ಕಚೇರಿಯಲ್ಲೇ ಇರುತ್ತದೆ. ಅಷ್ಟಕ್ಕೆ ಬೇಕಾದ ಸಣ್ಣ ಚರೆಯ ತೋಟಾವನ್ನು ರಾಜ್ಯ ಸರ್ಕಾರವೇ ಒಟ್ಟಾಗಿ ಬೇಡಿಕೆ ಸಲ್ಲಿಸಿ ಸೆಪ್ಟೆಂಬರ್ ಒಳಗೆ ಅಂಗಡಿಗಳಿಗೆ ತಲುಪಿಸಲಿ. ದರದ ಪಟ್ಟಿ ಅಂಗಡಿಯ ಮುಂದೆ ತೂಗಲಿ. ತಾಲ್ಲೂಕಿನ ಕೃಷಿ ಉತ್ಪನ್ನ ಮಾರಾಟ ಸಹಕಾರ ಸಂಘದಲ್ಲಿ (ಟಿಎಪಿಸಿಎಂಎಸ್) ಗೊಬ್ಬರ, ಮೈಲುತುತ್ತ ಕೊಳ್ಳುತ್ತೇವೆ. ಅಂಥ ಸಹಕಾರ ಸಂಘಗಳಿಗೆ ಭದ್ರ ಕೋಣೆ ಕಟ್ಟಿಸಿ, ತೋಟಾ ಮಾರಲು ಪರವಾನಗಿ ಕೊಡಬಹುದೇ ಎಂದಾದರೂ ಯೋಚಿಸಲಿ. ಈ ವರ್ಷ ಸಿಗದೆ ಹೋದ ನನ್ನ 45 ತೋಟಾ ಮುಂದಿನ ವರ್ಷದ ಲೆಕ್ಕಕ್ಕೆ ಸೇರಲಿ. ನಮ್ಮ ಭಾಗದ ಶಾಸಕರು, ಸಂಸದರು ಯಾರಾದರೂ ಇದನ್ನು ಸದನದಲ್ಲಿ ಕೇಳಿದರೆ ನನ್ನಂಥವರು ಎಷ್ಟು ಜನ ಇದ್ದಾರೆಂದು ಅವರಿಗೇ ತಿಳಿಯುತ್ತದೆ.

ಐದರಲ್ಲಿ ಒಂದನ್ನು ಮೊನ್ನೆ ಹಾರಿಸಿದೆ. ಹೊಸ ತೋಟಾ, ಸದ್ದು ಎದುರಿನ ಗುಡ್ಡಕ್ಕೆ ಬಡಿದು ಮರಳಿ ಬಂತು, ಹಿಂಡು ಹಳ್ಳ ದಾಟಿ ಹೋಯಿತು, ಎರಡು ರಾತ್ರಿ ಈ ಕಡೆ ಸುಳಿಯಲಿಲ್ಲ. ಖಾಲಿ ಕೊಳವೆಯನ್ನು ಲೆಕ್ಕಕ್ಕೆಂದು ಎತ್ತಿಟ್ಟಿದ್ದೇನೆ. ಬಾಟಲಿಯಲ್ಲಿ ನಾಲ್ಕು ಉಳಿದಿವೆ. ಗದ್ದೆಯಲ್ಲಿ ಹೊಡೆ ತುಂಬಿದೆ, ಕೊಯ್ಲಿಗೆ ಇನ್ನೂ ಎರಡು ತಿಂಗಳಿದೆ. ಅಧಿಕಾರಿಗಳು ಯಾರಾದರೂ ಬಂದು ನೋಡುವುದಾದರೆ ಪರವಾನಗಿ ಪುಸ್ತಕ, ಹತ್ತು ವರ್ಷದ ರಸೀದಿಗಳು, ಖಾಲಿ ಕೊಳವೆಗಳು ಎಲ್ಲವನ್ನೂ ಜಗಲಿಯ ಮೇಲೆ ಜೋಡಿಸಿ ಇಡುತ್ತೇನೆ.

ಇಂತಿ,
ಒಬ್ಬ ರೈತ ಮಹಿಳೆ,
ತೀರ್ಥಹಳ್ಳಿ ತಾಲ್ಲೂಕು