ಮಗಳಿಗೊಂದು ಪತ್ರ: ಹನ್ನೊಂದನೇ ವಚನಕ್ಕಿಂತ ಮೊದಲು

ಪ್ರೀತಿಯ ಮಗಳೇ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ವಾರ ರಾತ್ರಿ ನೀನು ಬರೆದಿದ್ದೆ: "ಅಪ್ಪಾ, ಎಲ್ಲರಿಗೂ ತಾವು ಯಾತಕ್ಕೆ ಹುಟ್ಟಿದ್ದು ಅಂತ ಗೊತ್ತಿದೆ. ನನಗೆ ಮಾತ್ರ ಗೊತ್ತಿಲ್ಲ. ಪ್ರಾರ್ಥನೆ ಮಾಡಿದರೂ ಗೋಡೆ ಜೊತೆ ಮಾತಾಡಿದ ಹಾಗಿರುತ್ತೆ." ನಾನೇನು ಮಾಡಿದೆ? ಹೂವಿನ ಚಿತ್ರದ ಮೇಲೆ ಬರೆದಿದ್ದ ಬೈಬಲಿನ ವಚನ, ಯೆರೆಮೀಯ 29:11 ಕಳಿಸಿದೆ: ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆಗಳು ಕೇಡಿನವಲ್ಲ, ಹಿತದವು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಅಂತ ದೇವರು ಹೇಳುವ ಮಾತು. ನೀನು ಕೈಮುಗಿಯುವ ಗುರುತು ಹಾಕಿ ಸುಮ್ಮನಾದೆ. ಅದರ ಅರ್ಥ ನನಗೆ ಹೊಳೆದದ್ದು ಮಾರನೇ ದಿನ. "ಸಾಕು ಬಿಡಪ್ಪಾ" ಅಂತ, ಅಲ್ವಾ?

ಆಮೇಲೆ ಆ ಅಧ್ಯಾಯವನ್ನು ಮೊದಲಿಂದ ಓದಿದೆ. ನೀನು ಕಾಲೇಜಿಗೆ ಹೊರಟ ದಿನವೂ ಅದೇ ವಚನ ಹೇಳಿದ್ದೆ. ಅದರ ಹಿಂದಿನ ಸಾಲು ಏನೆಂದು ಕೇಳಿದ್ದರೆ ತಡವರಿಸುತ್ತಿದ್ದೆ.

ಅದೂ ಒಂದು ಪತ್ರವೇ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮಿನಿಂದ ಅರಸನನ್ನು, ಅವನ ಜೊತೆ ಕಮ್ಮಾರರು, ಕೆಲಸಗಾರರು ಎಲ್ಲರನ್ನೂ ಸೆರೆಹಿಡಿದು ಒಯ್ದಿತ್ತು. ಪ್ರವಾದಿ ಯೆರೆಮೀಯ ಬರೆದದ್ದು ಆ ಜನರಿಗೆ. ಅದೇ ಕಾಲದಲ್ಲಿ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಅಂತ ಸಾರಿದ್ದ. ಕೇಳಲು ಎಷ್ಟು ಹಿತ! ಯೆರೆಮೀಯ ಹೇಳಿದ್ದು 70 ವರ್ಷ. ಹತ್ತನೇ ವಚನದಲ್ಲೇ ಇದೆ. ಹೂವಿನ ಚಿತ್ರದ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ.

ಅಲ್ಲಿಯವರೆಗೆ ಏನು ಮಾಡಬೇಕಂತೆ? ಮನೆ ಕಟ್ಟಿ, ತೋಟ ಮಾಡಿ, ಮದುವೆಯಾಗಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. (ಮದುವೆ ಮಾತನ್ನು ನಾನು ಬೇಕಂತ ಸೇರಿಸಿದ್ದಲ್ಲ. ಆರನೇ ವಚನ ನೋಡು.) ಊರಿಗೆ ಮರಳುವ ದಿನಕ್ಕಾಗಿ ಗಂಟು ಕಟ್ಟಿಕೊಂಡು ಕೂತಿದ್ದವರಿಗೆ ದೇವರು ಗಂಟು ಬಿಚ್ಚಿ ಅಂದರು. ಅದೂ ಶತ್ರುವಿನ ಊರಲ್ಲಿ.

ನಿನ್ನ ವಯಸ್ಸಿನಲ್ಲಿ ನಾನೂ ಗಂಟು ಕಟ್ಟಿಕೊಂಡೇ ಕೂತಿದ್ದೆ. ಸಭೆಯಲ್ಲಿ ಒಬ್ಬೊಬ್ಬರು ಎದ್ದು ನಿಂತು ತಮಗೆ ದೇವರ ಕರೆ ಬಂದದ್ದನ್ನು ಸಾಕ್ಷಿ ಹೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಉಪವಾಸ ಮಾಡಿದೆ. ರಾತ್ರಿಯೆಲ್ಲ ಮೊಣಕಾಲೂರಿದೆ. ಯಾವ ಸ್ವರವೂ ಕೇಳಲಿಲ್ಲ. ಸದ್ಯಕ್ಕೆ ಇರಲಿ ಅಂತ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಆ 'ಸದ್ಯಕ್ಕೆ' ಇನ್ನೂ ಮುಗಿದಿಲ್ಲ. ಸಾಕ್ಷಿ ಹೇಳುವವರು ದಾರಿ ಮುಗಿಸಿ, ಹಿಂದಿರುಗಿ ನೋಡಿ ಹೇಳುತ್ತಾರೆ ಅನ್ನುವುದು ಆಗ ತಿಳಿದಿರಲಿಲ್ಲ. ನಡೆಯುವಾಗ ಅವರಿಗೂ ಮುಂದಿನ ತಿರುವು ಕಂಡಿರಲಿಕ್ಕಿಲ್ಲ.

ಒಮ್ಮೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ತೀರಿಕೊಂಡರು. ಅವರ ಹೆಂಡತಿ ಪಿಂಚಣಿ ಕಾಗದಗಳನ್ನು ಹಿಡಿದುಕೊಂಡು ಬಂದಿದ್ದರು. ಒಂದಿಡೀ ಮಧ್ಯಾಹ್ನ ಪಕ್ಕದಲ್ಲಿ ಕೂತು ತುಂಬಿಸಿಕೊಟ್ಟೆ. ಹೊರಡುವಾಗ ಆಕೆ, "ಇವತ್ತು ನೀವಿದ್ದಿರಿ" ಅಂದರು, ಅಷ್ಟೇ. ಅಂದು ರಾತ್ರಿ ಎಷ್ಟೋ ದಿನದ ಮೇಲೆ ಪ್ರಾರ್ಥನೆಯಲ್ಲಿ ಏನನ್ನೂ ಬೇಡಲಿಲ್ಲ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಯೇಸುಸ್ವಾಮಿ ಸೇವೆ ಶುರುಮಾಡಿದಾಗ ಅವರಿಗೆ ಸುಮಾರು 30 ವರ್ಷ. ಅಲ್ಲಿಯವರೆಗೆ ಊರವರ ಕಣ್ಣಿಗೆ ಬರೀ ಬಡಗಿ. ದೀಕ್ಷಾಸ್ನಾನವಾದಾಗ ಆಕಾಶದಿಂದ ಸ್ವರ ಬಂತು: ನೀನು ನನ್ನ ಪ್ರಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ ಅಂತ. ಗಮನಿಸಿದೆಯಾ? ಆಗಿನ್ನೂ ಒಬ್ಬ ರೋಗಿಯನ್ನೂ ವಾಸಿಮಾಡಿರಲಿಲ್ಲ, ಒಂದು ಬೋಧನೆಯನ್ನೂ ಮಾಡಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ನಾವು ಇದನ್ನು ತಿರುಗುಮುರುಗು ಮಾಡಿಕೊಂಡು ಸುಸ್ತಾಗುತ್ತೇವೆ. ನಿನಗೂ ಇದನ್ನು ತಿರುಗಿಸಿಯೇ ಕಲಿಸಿದೆನೇನೋ. ಅಂಕಪಟ್ಟಿ ನೋಡಿದ ಮೇಲೆ ನಕ್ಕ ದಿನಗಳು ನೆನಪಾಗುತ್ತವೆ. ಕ್ಷಮಿಸು.

ಆ ಗೋಡೆ ವಿಷಯ. ಪ್ರವಾದಿ ಎಲೀಯ ಸಾಯಬೇಕೆಂದು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತುಕತೆ ಎಲ್ಲ ಆಮೇಲೆ. ನೀನು ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ? ಮನಸ್ಸು ತೀರಾ ಭಾರ ಅನಿಸಿದರೆ ಡಾಕ್ಟರನ್ನು ನೋಡು. ಅದು ನಂಬಿಕೆ ಕಡಿಮೆ ಇರುವುದರ ಗುರುತಲ್ಲ. ಯಾರಾದರೂ ಹಾಗಂದರೆ ನನಗೆ ಫೋನ್ ಕೊಡು.

ಎಂಟು ತಿಂಗಳಾದರೂ ನಿನ್ನ ಕೋಣೆಯಲ್ಲಿ ಎರಡು ಡಬ್ಬಗಳು ಹಾಗೇ ಇವೆಯಂತೆ, 'ಇಲ್ಲಿ ಎಷ್ಟು ದಿನವೋ' ಅಂತ. ಈ ಶನಿವಾರ ಒಂದನ್ನಾದರೂ ಬಿಚ್ಚು. ಅಮ್ಮ ಪಕ್ಕದಲ್ಲಿ ಕೂತು ಇದನ್ನೆಲ್ಲ ಓದುತ್ತಿದ್ದಾಳೆ. ದೊಡ್ಡ ಡಬ್ಬದ ಟೇಪ್ ಕೈಯಲ್ಲಿ ಬರುವುದಿಲ್ಲವಂತೆ, ಕತ್ತರಿ ಬೇಕಂತೆ. ಕತ್ತರಿ ಆ ಡಬ್ಬದೊಳಗೇ ಇದೆಯಂತೆ.

ನಿನ್ನ
ಅಪ್ಪ